ಡ್ರೈವಿಂಗ್ ಮೇಷ್ಟ್ರು ಬಾರಿಸದ ಡ್ರಮ್ಮು

ಡ್ರೈವಿಂಗ್ ಸ್ಕೂಲಿನ ಕಾರಿಗೆ ಎರಡು ಬ್ರೇಕು. ಒಂದು ಕಲಿಯುವವರ ಕಾಲಡಿಗೆ, ಇನ್ನೊಂದು ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲಡಿಗೆ. ಈ ಎರಡನೆಯ ಬ್ರೇಕಿನ ಮೇಲೆ ಬಲಗಾಲಿಟ್ಟುಕೊಂಡೇ ನಮ್ಮ ಮೇಷ್ಟ್ರು ಅರ್ಧ ಆಯುಷ್ಯ ಕಳೆದಿದ್ದರು. ಕಾಲಿಗೆ ಆ ಕೆಲಸ ಎಷ್ಟು ಮೈಗೂಡಿತ್ತೆಂದರೆ, ಮನೆಯಲ್ಲಿ ಸೋಫಾದ ಮೇಲೆ ಕೂತು ಟೀವಿ ನೋಡುವಾಗ ಪರದೆಯ ಮೇಲೊಂದು ಕಾರು ರಭಸದಿಂದ ಬಂದರೂ ಅದು ತಾನಾಗಿ ನೆಲ ಒತ್ತುತ್ತಿತ್ತು. ಅಂಗಡಿಯಲ್ಲಿ ಹೆಂಡತಿ ತಳ್ಳುವ ಸಾಮಾನಿನ ಗಾಡಿ ಯಾರಿಗಾದರೂ ತಾಗುವಂತಾದರೆ, ಹಿಂದೆ ಬರುತ್ತಿದ್ದ ಇವರು ನಿಂತಲ್ಲೇ ಧಡ್ಡೆಂದು ಕಾಲು ಅಪ್ಪಳಿಸುತ್ತಿದ್ದರು.

"ನಿಮ್ಮ ಕಾಲಿಗೆ ಸ್ವಲ್ಪ ಬುದ್ಧಿ ಹೇಳ್ರೀ, ಜನ ತಿರುಗಿ ನೋಡ್ತಾರೆ," ಎನ್ನುತ್ತಿದ್ದಳು ಹೆಂಡತಿ.

ಬುದ್ಧಿ ಹೇಳಿದರೆ ಕೇಳುವ ಕಾಲಾಗಿದ್ದರೆ ಅದು ಹರೆಯದಲ್ಲೇ ಕೇಳಬೇಕಿತ್ತು. ಬ್ರೇಕಿನ ನೌಕರಿಗೆ ಸೇರುವ ಮೊದಲು ಅದು ಡ್ರಮ್ಮಿನ ನೌಕರಿಯಲ್ಲಿತ್ತು. ಮೇಷ್ಟ್ರು ಆಗ ಒಂದು ರಾಕ್ ಬ್ಯಾಂಡಿನ ಡ್ರಮ್ಮರ್. ನಾಲ್ಕು ಜನ, ನಾಲ್ವರಿಗೂ ಭುಜದವರೆಗೆ ಕೂದಲು, ನಾಲ್ವರಿಗೂ ಸೇರಿ ಒಂದು ಹಳೇ ವ್ಯಾನು. ಹಾಡುವವನನ್ನು 'ಗಂಟಲು' ಎನ್ನುತ್ತಿದ್ದರು, ಗಿಟಾರಿನವನನ್ನು 'ತಂತಿ'. ಬೇಸ್ ಗಿಟಾರಿನವನು ಬಾಯಿ ಬಿಡುತ್ತಿದ್ದುದೇ ಅಪರೂಪವಾದ್ದರಿಂದ ಅವನು 'ಮೌನಿ'. ಒಂದು ಕಾಲಕ್ಕೆ ಇವರ ಹಾಡುಗಳು ಕಾಲೇಜು ಹಾಸ್ಟೆಲುಗಳ ಕಿಟಕಿ ಗಾಜು ಅದುರಿಸಿದ್ದವು. ಆಮೇಲೆ ಬ್ಯಾಂಡು ಒಡೆಯಿತು. ಯಾಕೆಂದು ಯಾರಿಗೂ ಸರಿಯಾಗಿ ನೆನಪಿಲ್ಲ. ಪೋಸ್ಟರಿನಲ್ಲಿ ಯಾರದೋ ಹೆಸರು ಚಿಕ್ಕ ಅಕ್ಷರದಲ್ಲಿ ಬಂದಿತ್ತಂತೆ. ಕೂದಲು ಉದುರಿತು. ಗಂಟಲು ಟೈಲ್ಸ್ ಅಂಗಡಿ ಇಟ್ಟ, ತಂತಿ ತೆರಿಗೆ ಸಲಹೆಗಾರನಾದ, ಮೌನಿ ಔಷಧಿ ಅಂಗಡಿಯ ಗಲ್ಲಾದ ಹಿಂದೆ ಇನ್ನಷ್ಟು ಮೌನಿಯಾದ.

ಮೇಷ್ಟ್ರ ಹೆಂಡತಿ ಅವರನ್ನು ಮೆಚ್ಚಿ ಮದುವೆಯಾದದ್ದು ಕೂದಲಿದ್ದ ಕಾಲದಲ್ಲಿ. "ಡಬ್ಬ ಬಡಿಯೋನನ್ನ ಕಟ್ಕೊಂಡು ಏನು ಮಾಡ್ತೀಯೇ?" ಎಂದು ತವರಿನವರು ಕೇಳಿದ್ದರು. "ಅವರು ದೊಡ್ಡ ಕಲಾವಿದ ಆಗ್ತಾರೆ," ಎಂದು ಇವಳು ಜವಾಬು ಕೊಟ್ಟಿದ್ದಳು. ಆ ಒಂದು ಮಾತು ಅವಳನ್ನು ಮುಂದೆ ಎಲ್ಲ ಮದುವೆ ಮನೆಗಳಿಗೂ, ಎಲ್ಲ ಗೃಹಪ್ರವೇಶಗಳಿಗೂ ಹಿಂಬಾಲಿಸಿತು. ಅವಳ ತಮ್ಮ ಬ್ಯಾಂಕಿನಲ್ಲಿ ಮ್ಯಾನೇಜರ್. ಅವನು ಯಾರಿಗಾದರೂ ಪರಿಚಯ ಮಾಡಿಕೊಡುವಾಗ, "ಇವರು ನಮ್ಮ ಭಾವ. ಡ್ರೈವಿಂಗ್ ಸ್ಕೂಲು," ಎಂದು ಹೇಳಿ, ಡಾಕ್ಟರು ಕಾಯಿಲೆಯ ಹೆಸರು ಹೇಳಿ ಸುಮ್ಮನಾದ ಹಾಗೆ ಒಂದು ಕ್ಷಣ ಸುಮ್ಮನಾಗುತ್ತಿದ್ದ. ಹೆಂಡತಿ ಆಗ ಸೆರಗಿನ ಅಂಚು ಸರಿಮಾಡಿಕೊಳ್ಳುತ್ತಿದ್ದಳು. ಅಷ್ಟು ವರ್ಷದಲ್ಲಿ ಒಂದು ಸಲವೂ ಅವಳು ಗಂಡನಿಗೆ ಚುಚ್ಚಿ ಮಾತಾಡಿದವಳಲ್ಲ. ಮೇಷ್ಟ್ರಿಗೆ ಅದೇ ಹೆಚ್ಚು ಚುಚ್ಚುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಗಂಟಲು ಬಂದು, "ಬ್ಯಾಂಡ್ ಮತ್ತೆ ಶುರು ಮಾಡೋಣ ಕಣೋ," ಎಂದ. ಹಳೆಯ ಹಾಡುಗಳನ್ನು ಈಗಿನವರು ಮೊಬೈಲಿನಲ್ಲಿ ಕೇಳುತ್ತಿದ್ದಾರಂತೆ; ಒಂದು ಕಂಪನಿ ಹೊಸ ಆಲ್ಬಮ್ಮು ಮಾಡಿಸಿ, ಊರೂರಲ್ಲಿ ಸಂಗೀತ ಕಛೇರಿ ಇಡಿಸಲು ಮುಂದೆ ಬಂದಿದೆಯಂತೆ. ಮೇಷ್ಟ್ರು "ನೋಡೋಣ" ಎನ್ನಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿ, "ಹೂಂ ಅನ್ರೀ!" ಎಂದಳು. ಅಂದರು.

ಸ್ಟುಡಿಯೋ ಎಂಬುದು ಈಗ ಗೋಡೆಗೆಲ್ಲ ಹಾಸಿಗೆ ಹೊಡೆದಂತಿದ್ದ ಒಂದು ಕೋಣೆ. ಗಾಜಿನಾಚೆ ಕೂತವನು ಬೋಳುತಲೆಯ, ಬಹಳ ವಿನಯದ ಸೌಂಡ್ ಎಂಜಿನಿಯರ್. ಮೇಷ್ಟ್ರು ಮನೆಯಲ್ಲಿ ದಿಂಬಿನ ಮೇಲೆ ಅಭ್ಯಾಸ ಮಾಡಿಯೇ ಬಂದಿದ್ದರು. ಆದರೂ ಮೊದಲ ಹಾಡಿನ ಅರ್ಧಕ್ಕೇ ಎಡಭುಜ ಹಟ ಹಿಡಿಯಿತು. ವೇಗದ ಜಾಗ ಬಂದಾಗ ಕೈಗಳು ಏರುರಸ್ತೆಯಲ್ಲಿ ಸೆಕೆಂಡ್ ಗೇರಿಗೆ ಬಿದ್ದ ಲಾರಿಯಂತೆ ನರಳಿದವು. ಮತ್ತೊಮ್ಮೆ ಬಾರಿಸಿದರು, ಇನ್ನೊಮ್ಮೆ ಬಾರಿಸಿದರು. ಗಾಜಿನಾಚೆಯಿಂದ ಎಂಜಿನಿಯರು, "ಸಾಕು ಸರ್, ಅದ್ಭುತ. ಉಳಿದಿದ್ದು ನಾನು ನೋಡ್ಕೋತೀನಿ," ಎಂದ. ಉಳಿದದ್ದು ಅಂದರೆ ಏನು ಎಂದು ಮೇಷ್ಟ್ರು ಕೇಳಲಿಲ್ಲ. ಟೈಲರು ಬಟ್ಟೆಯ ಅಂಚು ಕತ್ತರಿಸುವ ಹಾಗೆ ಏನೋ ಒಂದಿಷ್ಟು ಒಪ್ಪ ಮಾಡುತ್ತಾನೆ ಎಂದುಕೊಂಡರು.

ಆಲ್ಬಮ್ಮು ಬಂತು. ಮನೆಯ ಹಾಲಿನಲ್ಲಿ ಕೂತು ಗಂಡಹೆಂಡತಿ ಕೇಳಿದರು. ಡ್ರಮ್ಮು ಗುಡುಗುತ್ತಿತ್ತು. ವೇಗದ ಜಾಗದಲ್ಲಂತೂ ತಗಡಿನ ಮೇಲೆ ಆಲಿಕಲ್ಲು ಸುರಿದಂತೆ! "ಇಷ್ಟು ಚೆನ್ನಾಗಿ ಆಗಲೂ ಬಾರಿಸ್ತಿರಲಿಲ್ಲ ನೀವು," ಎಂದು ಹೆಂಡತಿ ಕಣ್ಣು ಒರೆಸಿಕೊಂಡಳು. ಮೇಷ್ಟ್ರಿಗೂ ಹಾಗೇ ಅನ್ನಿಸಿತು. ನನ್ನ ಬಗ್ಗೆ ನಾನೇ ಇಷ್ಟು ದಿನ ಕಡಿಮೆ ಅಂದಾಜು ಮಾಡಿಕೊಂಡಿದ್ದೆ ಎಂದು ಬೇಜಾರೂ ಆಯಿತು. ಮನುಷ್ಯನಿಗೆ ತನ್ನ ಬಗ್ಗೆ ಒಳ್ಳೆಯದನ್ನು ಹೇಳಿದರೆ ಸಾಕ್ಷಿ ಕೇಳುವ ಅಭ್ಯಾಸ ಇಲ್ಲವಲ್ಲ!

ಅಂದು ಸಂಜೆ ಹೆಂಡತಿ ತವರಿನ ಕಡೆಯ ಎಲ್ಲರಿಗೂ ಫೋನ್ ಮಾಡಿದಳು. ತಮ್ಮನಿಗೆ ಎರಡು ಸಲ ಮಾಡಿದಳು.

ಊರೂರಿನ ಕಛೇರಿ ಶುರುವಾಯಿತು. ಮೂರನೆಯ ಊರಿನಲ್ಲಿ ಒಂದು ಕಾಲೇಜು ಮೈದಾನ. ಎದುರಿಗೆ ಮೊಬೈಲು ದೀಪ ಎತ್ತಿ ಹಿಡಿದ ಜನ. ನಿಧಾನದ ಹಾಡೊಂದು ನಡೆಯುತ್ತಿತ್ತು. ಅದರ ನಡುವೆ ಡ್ರಮ್ಮಿಗೆ ಕೆಲಸವಿಲ್ಲ. ಗಂಟಲು ಕಣ್ಣು ಮುಚ್ಚಿ, ಭಾವಪರವಶನಾಗಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ವೇದಿಕೆಯ ಅಂಚಿಗೇ ಬಂದುಬಿಟ್ಟ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಟೈಲ್ಸ್ ಅಂಗಡಿಗೆ ಮಾಲೀಕನಿರುತ್ತಿರಲಿಲ್ಲ. ಮೇಷ್ಟ್ರ ತಲೆ ಯೋಚಿಸುವ ಮೊದಲೇ ಅವರ ಬಲಗಾಲು ತನ್ನ ಕರ್ತವ್ಯ ಮಾಡಿತು. ಧಡ್ಡೆಂದು ಬ್ರೇಕು ಹಾಕಿತು. ಕಾಲಡಿಯಲ್ಲಿದ್ದುದು ದೊಡ್ಡ ಡ್ರಮ್ಮಿನ ಪೆಡಲು.

ತಾಲೀಮಿನಲ್ಲಿ ಒಮ್ಮೆ ಹೀಗೆಯೇ ಆಗಿ, ಆ ಸದ್ದಿಗೆ ತಂತಿಯ ಕೈಯಿಂದ ಕಾಫಿ ಲೋಟವೇ ಬಿದ್ದಿತ್ತು. ಈಗಂತೂ ಆ ಡ್ರಮ್ಮಿನ ಮುಂದೆ ಮೈಕು, ಮೈದಾನದ ತುಂಬ ಆಳೆತ್ತರದ ಸ್ಪೀಕರುಗಳು. ಫಿರಂಗಿ ಹಾರಿಸಿದಂತೆ ಕೇಳಬೇಕಿತ್ತು. ಮೇಷ್ಟ್ರು ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು.

ಏನೂ ಆಗಲಿಲ್ಲ. ಸ್ಪೀಕರು ತುಟಿಪಿಟಕ್ ಎನ್ನಲಿಲ್ಲ. ಜನ ತೂಗುತ್ತಲೇ ಇದ್ದರು. ಗಂಟಲು ತಾನಾಗಿಯೇ ಕಣ್ಣು ತೆರೆದು ಮುಂದಕ್ಕೆ ಬಂದ. ಮೇಷ್ಟ್ರು ಇನ್ನೊಮ್ಮೆ ಪೆಡಲು ಒತ್ತಿದರು, ಈ ಸಲ ಬೇಕೆಂದೇ. ಮೈದಾನಕ್ಕೆ ಅದು ಮುಟ್ಟಲೇ ಇಲ್ಲ. ಆಮೇಲೆ ಹಾಡು ಜೋರಾಗುವ ಜಾಗ ಬಂತು. ಮೇಷ್ಟ್ರು ಎರಡೂ ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡು ಕೂತರು. ಡ್ರಮ್ಮು ಗುಡುಗಿತು. ತಗಡಿನ ಮೇಲೆ ಆಲಿಕಲ್ಲು ಸುರಿಯಿತು. ಜನ ಹೋ ಎಂದರು.

ಕಿವಿಯಿಂದ ಶುರುವಾದ ಬಿಸಿ ಕುತ್ತಿಗೆಗಿಳಿದು ಬೆನ್ನಿಗೆ ಹೋಯಿತು. ಯಾರೂ ನೋಡದಿರಲಿ ಎಂದು ಅವರು ಗಡಬಡಿಸಿ ಕೈ ಆಡಿಸತೊಡಗಿದರು. ಸುತ್ತಲೂ ಅಷ್ಟು ಸಾವಿರ ಜನ, ಅಷ್ಟು ದೀಪ. ಬಟ್ಟೆಯಿಲ್ಲದೆ ಬೀದಿಗೆ ಬಂದವನಿಗೂ ಅಷ್ಟು ನಾಚಿಕೆಯಾಗಿರಲಿಕ್ಕಿಲ್ಲ. ಅವನಿಗೆ ಕನಿಷ್ಠ ಓಡುವ ಅನುಕೂಲ ಇರುತ್ತದೆ.

ಕಾರ್ಯಕ್ರಮ ಮುಗಿದ ಮೇಲೆ ವೈರು ಸುತ್ತುತ್ತಿದ್ದ ಎಂಜಿನಿಯರನ ಬಳಿ ಹೋಗಿ ನಿಂತರು.

"ಡ್ರಮ್ಮು ಬಾರಿಸ್ತಿರೋದು ನಾನಾ, ನೀವಾ?"

ಎಂಜಿನಿಯರು ತಲೆ ಎತ್ತಲಿಲ್ಲ. "ನೀವೇ ಸರ್. ಇನ್ಯಾರು?"

ಆ ದನಿ ಮೇಷ್ಟ್ರಿಗೆ ಚೆನ್ನಾಗಿ ಪರಿಚಯವಿತ್ತು. ಅದು ಅವರದೇ ದನಿ. ಅವರಲ್ಲಿ ಕಾರು ಕಲಿಯಲು ಬಂದಿದ್ದ ಒಬ್ಬ ಟೈಲರಮ್ಮ ಪ್ರತಿ ಸಿಗ್ನಲ್ಲಿನಲ್ಲೂ ಕೇಳುತ್ತಿದ್ದಳು, "ಮೇಷ್ಟ್ರೇ, ಈಗ ನಿಲ್ಸಿದ್ದು ನಾನಾ, ನೀವಾ?" ಎಂದು. ಕಾರು ನಿಲ್ಲಿಸಿದ್ದು ಪ್ರತಿ ಸಲವೂ ಮೇಷ್ಟ್ರ ಬ್ರೇಕು. "ನೀವೇ ಅಮ್ಮ, ಇನ್ಯಾರು?" ಎನ್ನುತ್ತಿದ್ದರು. ಧೈರ್ಯ ಬರಲಿ ಎಂದು. ಧೈರ್ಯ ಬಂತು, ಲೈಸೆನ್ಸೂ ಬಂತು. ಮೊದಲ ವಾರವೇ ಸ್ವಂತ ಕಾರನ್ನು ಸ್ವಂತ ಗೇಟಿಗೆ ಗುದ್ದಿದಳು. ಗೇಟು ಇವರ ಮೇಲೆ ಕೋಪ ಮಾಡಿಕೊಳ್ಳಲಿಲ್ಲ, ಟೈಲರಮ್ಮನೂ ಮಾಡಿಕೊಳ್ಳಲಿಲ್ಲ. "ನಿಮ್ಮ ಪಕ್ಕದಲ್ಲಿದ್ದಾಗ ಚೆನ್ನಾಗೇ ನಿಲ್ಲಿಸ್ತಿದ್ನಲ್ಲಾ ಮೇಷ್ಟ್ರೇ?" ಎಂದು ಮುಗ್ಧವಾಗಿ ಕೇಳಿದ್ದಳು. ಮೇಷ್ಟ್ರು ಅಂದು ನಕ್ಕಿದ್ದರು.

"ಆಲ್ಬಮ್ಮಲ್ಲಿ?" ಎಂದರು ಈಗ.

ಎಂಜಿನಿಯರು ವೈರು ಕೆಳಗಿಟ್ಟ. "ಸರ್, ಈಗ ಎಲ್ಲರೂ ಹೀಗೇ ಮಾಡೋದು. ಮೆಷೀನಲ್ಲಿ ಹಾಕಿರೋದು. ನಿಮ್ಮ ಮೇಲಿನ ಗೌರವಕ್ಕೇ ಹೇಳಲಿಲ್ಲ ಸರ್." ಆಮೇಲೆ ಸಮಾಧಾನವೆಂಬಂತೆ, "ನೋಡೋಕೆ ಬಹಳ ಚೆನ್ನಾಗಿ ಕಾಣ್ತೀರಾ ನೀವು," ಎಂದ.

ಇಲ್ಲಿಯವರೆಗಿನದು ಮೋಸಹೋದವನ ಕಥೆ. ಹಾಗೆಯೇ ಮುಗಿದಿದ್ದರೆ ಮೇಷ್ಟ್ರ ಬಗ್ಗೆ ಮರುಕ ಪಡಬಹುದಿತ್ತು. ಆದರೆ ಅವರು ಆ ರಾತ್ರಿ ಡ್ರಮ್ಮಿನ ಕೋಲು ಎಸೆದು ಮನೆಗೆ ಹೋಗಲಿಲ್ಲ. ಬಸ್ಸಿನ ಕಿಟಕಿಗೆ ತಲೆಯಾನಿಸಿ ಯೋಚಿಸಿದರು. ಹೇಳಿದರೆ ಹೆಂಡತಿಗೆ ಹೇಳಬೇಕು. ಹೆಂಡತಿಗೆ ಹೇಳಿದರೆ ಅವಳು ಜೀವಮಾನದಲ್ಲಿ ಮೊದಲ ಸಲ ತಲೆ ಎತ್ತಿಕೊಂಡು ತಿರುಗುತ್ತಿರುವುದನ್ನು ನಿಲ್ಲಿಸಬೇಕು. ಹಾಗಾಗಿ ಹೇಳಬಾರದು. ಇದು ಬಹಳ ಉದಾತ್ತ ಕಾರಣವಾಗಿ ಕಂಡಿತು. ಅದರ ಪಕ್ಕದಲ್ಲೇ ಇನ್ನೊಂದು ಕಾರಣ, ಅಷ್ಟೇನೂ ಉದಾತ್ತವಲ್ಲದ್ದು, ಮುದುರಿ ಕೂತಿತ್ತು: ಚಪ್ಪಾಳೆ ಸಿಹಿಯಾಗಿತ್ತು.

ಮುಂದಿನ ಊರುಗಳಲ್ಲಿ ಒಂದು ವಿಚಿತ್ರ ನಡೆಯಿತು. ತಪ್ಪಿದರೆ ಎಂಬ ಭಯ ಹೋದ ಮೇಲೆ ಮೇಷ್ಟ್ರಿಗೆ ಬಿಡುವು ಸಿಕ್ಕಿತು. ಕೋಲನ್ನು ಮೇಲಕ್ಕೆಸೆದು ಹಿಡಿದರು. ತಲೆ ಕೊಡವಿದರು. ಎದ್ದು ನಿಂತು ಬೀಸಿದರು. ಭುಜದ ನೋವು ಮಾಯವಾಯಿತು; ಡ್ರಮ್ಮಿನ ಚರ್ಮಕ್ಕೆ ತಾಗದ ಕೋಲಿನಿಂದ ಯಾವ ಭುಜ ನೋಯುತ್ತದೆ! ಒಂದು ಪತ್ರಿಕೆ, 'ಈ ವಯಸ್ಸಿನಲ್ಲಿ ಈ ಕಿಚ್ಚು' ಎಂದು ಬರೆದು ದೊಡ್ಡ ಫೋಟೋ ಹಾಕಿತು. ಹೆಂಡತಿ ಅದನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ನಡುವೆ ಮನೆಗೆ ಬಂದಾಗಲೆಲ್ಲ ಮೇಷ್ಟ್ರು ನೀರಿಗೆಂದು ಫ್ರಿಜ್ಜಿನ ಹತ್ತಿರ ಹೋಗಿ, ಆ ಕಿಚ್ಚಿನ ಮುಖ ನೋಡಲಾರದೆ ಫ್ಲಾಸ್ಕಿನ ಬಿಸಿನೀರನ್ನೇ ಕುಡಿದು ಬರುತ್ತಿದ್ದರು.

"ಗಂಟಲು ಕಟ್ಟಿದೆಯೇನ್ರೀ? ಬಿಸಿನೀರೇ ಕುಡೀತೀರಲ್ಲ?"

"ಹೂಂ, ಸ್ವಲ್ಪ."

"ಪಾಪ, ಎಷ್ಟು ದುಡೀತೀರಿ!"

ಹೇಳಲು ಎಷ್ಟೋ ಸಲ ಬಾಯಿ ತೆರೆದರು. ತೆರೆದ ಬಾಯಿಗೆ ಅವಳು ತುತ್ತು ಇಡುತ್ತಿದ್ದಳು.

ಕೊನೆಯ ಕಛೇರಿ ಅವರ ಊರಿನಲ್ಲೇ. ಸಭಾಂಗಣದ ಮೂರನೆಯ ಸಾಲಿನಲ್ಲಿ ಹೆಂಡತಿ, ಅವಳ ಪಕ್ಕ ಬೇರೆ ಊರಿಂದ ರಜೆ ಹಾಕಿ ಬಂದ ತಮ್ಮ, ಹಿಂದೆ ತವರಿನ ಬಳಗ. ವೇದಿಕೆಯ ಹಿಂದಿನ ಕೋಣೆಯಲ್ಲಿ, ಬಲ್ಬು ಹಚ್ಚಿದ ಕನ್ನಡಿಯ ಮುಂದೆ ನಾಲ್ವರೂ ಹೊಟ್ಟೆ ಒಳಗೆಳೆದುಕೊಂಡು ಕರಿ ಅಂಗಿಯ ಗುಂಡಿ ಹಾಕುತ್ತಿದ್ದರು. ಪರದೆಯ ಸಂದಿಯಿಂದ ಹೆಂಡತಿಯ ಮುಖ ನೋಡಿ ಬಂದ ಮೇಷ್ಟ್ರಿಗೆ ತಡೆದುಕೊಳ್ಳಲು ಆಗಲಿಲ್ಲ.

"ನಾನೊಂದು ವಿಷಯ ಹೇಳ್ಬೇಕು ಕಣ್ರೋ."

"ಬಾತ್‌ರೂಮು ಎಡಗಡೆ," ಎಂದ ತಂತಿ.

"ನಾನು ಬಾರಿಸ್ತಾ ಇಲ್ಲ. ನನ್ನ ಮೈಕೆಲ್ಲ ಬಂದ್. ಬರೋದೆಲ್ಲ ಮೆಷೀನಿನ ಡ್ರಮ್ಮು. ಆಲ್ಬಮ್ಮಲ್ಲೂ ಅಷ್ಟೆ."

ಗಂಟಲಿನ ಕೈ ಗುಂಡಿಯ ಮೇಲೆ ನಿಂತಿತು. "ನಿಂದೂನಾ?" ಎಂದ ಮೆಲ್ಲಗೆ.

"ಅಂದ್ರೆ?"

"ಮೇಲಿನ ಸ್ವರ ಎಲ್ಲ ಯಾವನೋ ಹೊಸಬ ಹಾಡಿರೋದು. ನಾನು ಬಾಯಿ ತೆಗೀತೀನಿ ಅಷ್ಟೆ. ಹಲ್ಲಿನ ಡಾಕ್ಟ್ರ ಮುಂದೆ ತೆಗೀತೀವಲ್ಲ, ಹಾಗೆ."

ಇಬ್ಬರೂ ತಂತಿಯ ಕಡೆ ನೋಡಿದರು. ತಂತಿ ತನ್ನ ಬೆರಳುಗಳನ್ನು ಜೇಬಿಗಿಳಿಸಿದ. "ಗಂಟುನೋವು," ಎಂದ. "ಬೇಗ ಬಾರಿಸೋದೆಲ್ಲ ಟೇಪು."

ಒಬ್ಬರದು ಒಬ್ಬರಿಗೆ ಗೊತ್ತಾಗದಂತೆ ಒಂದೇ ಬಸ್ಸಿನಲ್ಲಿ ಒಂದೇ ನಾಚಿಕೆಯನ್ನು ಮೂವರೂ ಬೇರೆ ಬೇರೆ ಚೀಲದಲ್ಲಿ ಹೊತ್ತು ತಿರುಗಿದ್ದರು. ಕೊನೆಗೆ ಎಲ್ಲರೂ ಮೌನಿಯ ಕಡೆ ತಿರುಗಿದರು.

"ನಾನು ಬಾರಿಸ್ತಿದೀನಿ," ಎಂದ ಮೌನಿ.

"ನಿಜವಾಗ್ಲೂ?"

ಬಾಗಿಲಲ್ಲಿ ನಿಂತಿದ್ದ ಎಂಜಿನಿಯರು ಕೆಮ್ಮಿದ. "ಬೇಸ್ ಗಿಟಾರನ್ನ ಯಾರೂ ಕೇಳಿಸ್ಕೊಳ್ಳಲ್ಲ ಸರ್. ಅದಕ್ಕೇ ಬದಲಾಯಿಸೋ ಗೋಜಿಗೆ ಹೋಗ್ಲಿಲ್ಲ."

ಮೌನಿಯ ಮುಖ ಕೆಂಪೇರಿತು. "ಅಂದ್ರೆ ಅಷ್ಟು ಊರಲ್ಲೂ ನಾನೊಬ್ನೇ ಬಾರಿಸ್ದೆ? ಎಡಗೈ ನೋಡ್ರೋ, ಚರ್ಮ ಕಿತ್ಬಂದಿದೆ! ನಿಮಗೆಲ್ಲ ಮುಖ ತೋರ್ಸೋಕೆ ನಾಚಿಕೆ ಆಗಲ್ವೇನ್ರೋ?" ಬ್ಯಾಂಡಿನ ಚರಿತ್ರೆಯಲ್ಲಿ ಅದು ಅವನ ಅತಿ ಉದ್ದದ ಭಾಷಣ. ಆಮೇಲೆ ದನಿ ಇಳಿಸಿ, "ಒಂದು ಹಾಡಾದ್ರೂ ನನ್ನ ಜೊತೆ ಬಾರಿಸ್ರೋ," ಎಂದ.

ಕೊನೆಯ ಹಾಡಿಗೆ ಟೇಪು ನಿಲ್ಲಿಸಿ ಮೈಕು ತೆರೆಯುವುದೆಂದಾಯಿತು. ಎಂಜಿನಿಯರು ಬೇಡ ಬೇಡವೆಂದ. ಮೇಷ್ಟ್ರೇ ಗಟ್ಟಿಯಾಗಿ ನಿಂತರು. ಹೆಂಡತಿ ಒಂದು ಹಾಡಾದರೂ ತಮ್ಮದನ್ನು ಕೇಳಲಿ. ಅಷ್ಟಾದರೆ ಉಳಿದದ್ದನ್ನು ಹೇಳುವ ಧೈರ್ಯ ಬಂದೀತು.

ಕೊನೆಯ ಹಾಡು ಬಂತು. ಮೊದಲ ಏಟು ಬಿದ್ದಾಗ, ಇದು ನಾನೇ ಎಂದು ಮೇಷ್ಟ್ರ ಎದೆ ಹಿಗ್ಗಿತು. ಅರ್ಧಕ್ಕೆ ಎಡಭುಜ ಹಿಡಿಯಿತು. ತಾಳ ನಿಧಾನವಾಯಿತು, ತಾಳದ ಜೊತೆ ಗಂಟಲು ನಿಧಾನವಾದ, ಮೇಲಿನ ಸ್ವರಕ್ಕೆ ಏರಿ ಅಲ್ಲೇ ಹರಿದು ಹೋದ. ತಂತಿಯ ಬೆರಳು ಎಡವಿತು. ಮೌನಿಯೊಬ್ಬ ಬಂಡೆಯಂತೆ ನಿಂತು ಬಾರಿಸುತ್ತಿದ್ದ. ಅದನ್ನು ಎಂದಿನಂತೆ ಯಾರೂ ಕೇಳಿಸಿಕೊಳ್ಳಲಿಲ್ಲ. ಹಿಂದಿನ ಸಾಲಿನವರು ಗಾಡಿ ತೆಗೆಯಲು ಎದ್ದರು. ಮೇಷ್ಟ್ರು ಮೂರನೆಯ ಸಾಲು ನೋಡಿದರು. ಹೆಂಡತಿಯ ನಗು ಹಾಗೇ ಇತ್ತು. ಕಣ್ಣು ಮಾತ್ರ ಆಚೆ ಒಮ್ಮೆ ಈಚೆ ಒಮ್ಮೆ ಹೊರಳಿ, ಬೇರೆಯವರಿಗೆ ಗೊತ್ತಾಯಿತೇ ಎಂದು ನೋಡುತ್ತಿತ್ತು.

ಹೊರಗೆ ತಮ್ಮ ಬಂದು ಕೈ ಕುಲುಕಿದ. "ಭಾವ, ಇಷ್ಟು ದಿನ ನಿಮಗೆ ಬೆಲೆ ಕೊಡಲಿಲ್ಲ ನಾನು. ತಪ್ಪಾಯ್ತು. ಏನು ಬಾರಿಸ್ತೀರಿ! ಕೊನೇದೊಂದು ಸ್ವಲ್ಪ ಬಿದ್ದುಹೋಯ್ತು, ಅಷ್ಟೆ."

"ಎರಡು ಗಂಟೆ ಹೊತ್ತು ಬಡಿದು ಸುಸ್ತಾಗಲ್ವೇನೋ? ಮನುಷ್ಯರೋ ಯಂತ್ರವೋ?" ಎಂದು ಹೆಂಡತಿ ತಮ್ಮನನ್ನು ಗದರಿದಳು. ಮೇಷ್ಟ್ರು ಚಪ್ಪಲಿಯ ಉಂಗುಷ್ಟ ನೋಡುತ್ತಾ ನಿಂತರು.

ಮರುದಿನ ಬೆಳಗ್ಗೆ, ಇವರ ಮನೆಯಲ್ಲೇ ಇಳಿದುಕೊಂಡಿದ್ದ ತಮ್ಮ ಸ್ನಾನಕ್ಕೆ ಹೋಗಿದ್ದ. ಹೆಂಡತಿ ಒಲೆಯ ಮುಂದೆ ನಿಂತು, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಚಿಕ್ಕಮ್ಮನಿಗೆ ವರದಿ ಒಪ್ಪಿಸುತ್ತಿದ್ದಳು. "ಒಂದು ಏಟು ತಪ್ಪಿಲ್ಲ ಚಿಕ್ಕಮ್ಮ! ಜನ ಎದ್ದು ನಿಂತ್ರು. ಇವನಂತೂ ಭಾವ ಭಾವ ಅಂತ ಹಿಂದೇನೇ ಸುತ್ತಿದಾನೆ. ಹೂಂ... ಹೂಂ... ನಾನು ಅವತ್ತೇ ಹೇಳಿರಲಿಲ್ವಾ?"

ಅವಳು ಫೋನ್ ಇಟ್ಟಳು. ಮೇಷ್ಟ್ರು ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಕೊನೇ ಹಾಡೊಂದೇ ಕಣೇ ನಾನು ಬಾರಿಸಿದ್ದು."

"ಏನಂದ್ರಿ?"

ಹೇಳಿದರು. ಮೆಷೀನು, ಮೈಕು, ಕಾಲೇಜು ಮೈದಾನ, ಎಲ್ಲ. ಅವಳು ಒಲೆ ಆರಿಸಿದಳು.

"ಆಲ್ಬಮ್ಮು?"

"ಅದೂ."

ಅವಳ ಕಣ್ಣು ಫ್ರಿಜ್ಜಿನ ಬಾಗಿಲಿಗೆ ಹೋಯಿತು. "ಇದು?"

"ಬರೀ ಕೈ ಬೀಸಿದ್ದು."

ಬೈಯುತ್ತಾಳೆ, ಅಳುತ್ತಾಳೆ, ಅಥವಾ ಕೊನೇ ಪಕ್ಷ ಸೌಟು ಕುಕ್ಕುತ್ತಾಳೆ ಎಂದು ಮೇಷ್ಟ್ರು ಕಾದರು. ಬೈಸಿಕೊಂಡರೆ ಹಗುರಾಗುತ್ತದೆ ಎಂಬ ಆಸೆಯೂ ಇತ್ತು. ಅವಳು ಬೈಯಲಿಲ್ಲ.

"ಈಗಷ್ಟೇ ಚಿಕ್ಕಮ್ಮನಿಗೆ ಹೇಳಿದ್ನಲ್ರೀ," ಎಂದಳು.

ಬಚ್ಚಲಿನ ಬಾಗಿಲು ತೆರೆಯಿತು. ತಲೆ ಒರೆಸಿಕೊಳ್ಳುತ್ತಾ ಆಲ್ಬಮ್ಮಿನ ಹಾಡನ್ನೇ ಗುನುಗಿಕೊಂಡು ತಮ್ಮ ಬಂದು ಊಟದ ಮೇಜಿಗೆ ಕೂತ. ಅಕ್ಕ ಬ್ರೆಡ್ಡು, ಚಹಾ ತಂದಿಟ್ಟಳು. ಮೇಷ್ಟ್ರೂ ಕೂತರು.

"ಭಾವ, ಆ ಎರಡನೇ ಹಾಡಲ್ಲಿ ಮಧ್ಯ ಬರತ್ತಲ್ಲ, ಟಕಟಕಟಕ ಅಂತ! ಅದನ್ನ ಈ ಮೇಜಿನ ಮೇಲೆ ಒಂದೇ ಒಂದು ಸಲ ಬಾರಿಸಿ. ಆಫೀಸಲ್ಲಿ ತೋರಿಸ್ತೀನಿ." ಅವನು ಮೊಬೈಲು ಎತ್ತಿ ಹಿಡಿದ.

ಮೇಷ್ಟ್ರು ಮೇಜು ನೋಡಿದರು. ಸಾಧಾರಣ ಮರದ ಮೇಜು. ಹೇಳಬೇಕಾದ್ದನ್ನು ಇವನಿಗೂ ಹೇಳಿ ಮುಗಿಸಿಬಿಡೋಣ ಎಂದು ಬಾಯಿ ತೆರೆದರು.

"ತಿಂಡಿ ಹೊತ್ತಲ್ಲಿ ಏನೋ ನಿನ್ನ ಗಲಾಟೆ?" ಎಂದಳು ಹೆಂಡತಿ, ತಮ್ಮನ ಲೋಟಕ್ಕೆ ಚಹಾ ಬಗ್ಗಿಸುತ್ತಾ. "ಅಷ್ಟು ಊರಲ್ಲಿ ಬಾರಿಸಿ ಬಾರಿಸಿ ಅವರ ಕೈ ಹೇಗೆ ನೋಯ್ತಿದೆ ಗೊತ್ತಾ? ಬೆಳಗ್ಗೆ ಎಣ್ಣೆ ಹಚ್ಚಿ ತಿಕ್ಕಿದೀನಿ. ಡಾಕ್ಟ್ರು ಮುಟ್ಟಲೇಬೇಡಿ ಅಂದಿದಾರೆ."

ದನಿ ನಡುಗಲಿಲ್ಲ, ಚಹಾ ಚೆಲ್ಲಲಿಲ್ಲ. ಜೀವಮಾನದಲ್ಲಿ ತಮ್ಮನಿಗೆ ಸುಳ್ಳು ಹೇಳಿ ಗೊತ್ತಿಲ್ಲದವಳು ಒಂದೇ ಉಸಿರಿನಲ್ಲಿ ಮೂರು ಹೇಳಿ ಮುಗಿಸಿದ್ದಳು. ಗಂಡನ ಕಡೆ ಮಾತ್ರ ನೋಡಲಿಲ್ಲ. ಅವಳ ಕಿವಿ ತುದಿ ಕೆಂಪಗಾಗಿತ್ತು.

"ಹೌದಾ ಭಾವ? ಯಾವ ಕೈ?" ಎಂದು ತಮ್ಮ ನಿಜವಾದ ಕಳಕಳಿಯಿಂದ ಮುಂದಕ್ಕೆ ಬಾಗಿದ.

ಮೇಷ್ಟ್ರು ಒಂದು ಕ್ಷಣ ಯೋಚಿಸಿದರು. ಆಮೇಲೆ, ನೋವಿಲ್ಲದ ಬಲಗೈಯನ್ನು ಎಡಗೈಯಿಂದ ಮೆಲ್ಲಗೆ ನೀವಿಕೊಳ್ಳತೊಡಗಿದರು.